ಪಂದ್ಯದ ದಿನ ತಡರಾತ್ರಿ ಬಸ್ ಬೇಕು

ಮಾನ್ಯರೇ,

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಫುಟ್‌ಬಾಲ್ ತಂಡದ ಪಂದ್ಯ ನೋಡಲು ದಾವಣಗೆರೆಯಿಂದ ಹೋಗುವವರು ಎಡವುವುದು ಮರಳುವ ಬಸ್ಸಿನ ಲೆಕ್ಕದಲ್ಲಿ. 7.30ಕ್ಕೆ ಶುರುವಾದ ಆಟ 9.30ರ ಸುಮಾರಿಗೆ ಮುಗಿಯುತ್ತದೆ, ಸರಿ. ಫೈನಲ್ ಸಮಬಲವಾದರೆ? ಹೆಚ್ಚುವರಿ 30 ನಿಮಿಷ, ಆಮೇಲೆ ಪೆನಾಲ್ಟಿ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್) ಫೈನಲ್‌ನಲ್ಲಿ ಕುವೈತ್ ಎದುರು ಹೀಗೇ ಆಗಿ, 5–4ರಲ್ಲಿ ಗೆದ್ದೆವು. ಗೆಲುವಿನ ಗಳಿಗೆಯಲ್ಲಿ ಬಸ್ಸಿಗೆ ಓಡುವುದು ಯಾರಿಗೆ ಬೇಕು! 11ರ ನಂತರದ ಬಸ್ಸನ್ನೇ ಕಾಯ್ದಿರಿಸಿ.

ಕ್ರೀಡಾಂಗಣಕ್ಕೆ ಹೋಗಲು ಇಳಿಯುವ ಕಬ್ಬನ್ ಪಾರ್ಕ್, ಮೆಜೆಸ್ಟಿಕ್‌ನಿಂದ ಮೂರನೇ ಮೆಟ್ರೊ ನಿಲ್ದಾಣ. ಟೋಕನ್ ಸಾಲು ತಪ್ಪಿಸಲು ಕಾರ್ಡ್ ಇರಲಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಸಾಲಿಗೆ ಆಚೆ ಬದಿಯ ಆಟ ಅಂದಾಜಾಗದು, ಮೇಲಿನ ಸಾಲೇ ಲೇಸು. ಸಾರಿಗೆ ಸಂಸ್ಥೆ ಪಂದ್ಯದ ದಿನವಾದರೂ ಚಿತ್ರದುರ್ಗ–ದಾವಣಗೆರೆ ಕಡೆಗೆ ತಡರಾತ್ರಿ ಹೆಚ್ಚುವರಿ ಬಸ್ ಬಿಡಲಿ.

– ಫುಟ್‌ಬಾಲ್ ಅಭಿಮಾನಿಗಳು, ದಾವಣಗೆರೆ