ಈ ವರ್ಷದ ಕ್ರಿಸ್‌ಮಸ್ ಕಾರ್ಡುಗಳ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಮಂಗಳೂರು,
ಸೆಪ್ಟೆಂಬರ್, ಮೊಂತಿ ಹಬ್ಬದ ವಾರ

ವಿಷಯ: ಉಳಿಕೆ ಕಾಗದದ ತುಂಡುಗಳಿಂದ ಕೈಯಲ್ಲೇ ತಯಾರಿಸುವ ಕ್ರಿಸ್‌ಮಸ್ ಕಾರ್ಡುಗಳು ಹಾಗೂ ಬೇಡಿಕೆ ಸಲ್ಲಿಸುವ ಹೊಸ ಕ್ರಮ

ಮಾನ್ಯ ಗ್ರಾಹಕರೇ,

ಹೊಸ ರಟ್ಟಿನ ಮೇಲೆ ಒಂದೇ ಚಿತ್ರವನ್ನು ಅಚ್ಚು ಹಾಕಿಸಿ, ಅದಕ್ಕೆ ಕೈಯಿಂದ ಅಲಂಕಾರ ಮಾಡಿ ಕಳುಹಿಸುತ್ತಿದ್ದ ಕಾರ್ಡುಗಳನ್ನು ನಮ್ಮ ಮಹಿಳಾ ಸಹಕಾರ ಸಂಘವು ಈ ವರ್ಷದಿಂದ ನಿಲ್ಲಿಸುತ್ತಿದೆ. ಅವುಗಳ ಬದಲಿಗೆ, ನಗರದ ಮುದ್ರಣಾಲಯಗಳಲ್ಲಿ ಕತ್ತರಿಸಿ ಉಳಿಯುವ ಕಾಗದದ ತುಂಡುಗಳನ್ನೇ ಜೋಡಿಸಿ ಅಂಟಿಸಿದ ಕಾರ್ಡುಗಳು ತಮ್ಮ ಕೈಸೇರಲಿವೆ. ಆದ್ದರಿಂದ ಮಾದರಿಯ ಸಂಖ್ಯೆಯನ್ನು ಬರೆದು ಬೇಡಿಕೆ ಕಳುಹಿಸುವ ಪದ್ಧತಿಯೂ ಬದಲಾಗುತ್ತದೆ. ಈ ತೀರ್ಮಾನಕ್ಕೆ ಬಂದ ಕಾರಣವನ್ನೂ ಅದರಿಂದ ತಮಗಾಗುವ ವ್ಯತ್ಯಾಸವನ್ನೂ ಬೇಡಿಕೆ ಕಳುಹಿಸುವ ಮೊದಲೇ ತಿಳಿಸುವುದು ನಮ್ಮ ಕರ್ತವ್ಯವೆಂದು ಈ ಪತ್ರ ಬರೆಯುತ್ತಿದ್ದೇವೆ.

ಮದುವೆಯ ಕರೆಯೋಲೆ ಅಚ್ಚಾಗುವ ರಟ್ಟಿನ ಹಾಳೆ ಸಾಮಾನ್ಯವಾಗಿ 22 × 28 ಇಂಚಿನ ಅಳತೆಯಲ್ಲಿ ಬರುತ್ತದೆ. ಅದರಿಂದ 7 × 10 ಇಂಚಿನ ಕರೆಯೋಲೆಗಳನ್ನು ಕತ್ತರಿಸಿದರೆ ಎಂಟು ಸಿಗುತ್ತವೆ, ಮತ್ತು ಎರಡು ಇಂಚು ಅಗಲದ ಉದ್ದನೆಯ ಪಟ್ಟಿಯೊಂದು ಉಳಿಯುತ್ತದೆ. ಎಷ್ಟು ಜಾಣತನದಿಂದ ಕತ್ತರಿಸಿದರೂ ಆ ಅಳತೆಯಲ್ಲಿ ಒಂಬತ್ತನೆಯದು ಹುಟ್ಟುವುದಿಲ್ಲ. ಮದುವೆಯ ತಿಂಗಳುಗಳಲ್ಲಿ ಇಂಥ ಪಟ್ಟಿಗಳು ಕಟಿಂಗ್ ಮಷೀನಿನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಬೀಳುತ್ತವೆ. ಕುಂಕುಮದ ಕೆಂಪು, ಎಲೆಹಸಿರು, ಕೆನೆಬಣ್ಣ, ಮುತ್ತಿನ ಹೊಳಪಿನ ದಪ್ಪ ಕಾಗದ, ಯಾವುದರಲ್ಲೂ ಒಂದು ಕಲೆ ಇರುವುದಿಲ್ಲ. ಅದೆಲ್ಲ ರದ್ದಿಯವರ ಗೋಣಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಕ್ರಿಸ್‌ಮಸ್ ಕಾರ್ಡಿಗೆ ಬೇಕಾದ ಕೆಂಪು ಮತ್ತು ಹಸಿರು ನಮ್ಮೂರಿನಲ್ಲೇ ಹೀಗೆ ರಾಶಿ ಬಿದ್ದಿರುವಾಗ, ಹೊಸ ರಟ್ಟನ್ನು ತರಿಸಿ ಅದರ ಮೇಲೆ ಅದೇ ಬಣ್ಣವನ್ನು ಬಳಿಸುವುದು ನಮ್ಮ ಸದಸ್ಯೆಯರಲ್ಲಿ ಯಾರಿಗೂ ಸರಿಯೆನಿಸಲಿಲ್ಲ.

ತಂದ ತುಂಡುಗಳನ್ನೆಲ್ಲ ನಾವು ಬಳಸುವುದಿಲ್ಲವೆಂಬುದನ್ನು ಸ್ಪಷ್ಟಪಡಿಸುತ್ತೇವೆ. ಹೆಸರು, ವಿಳಾಸ ಅಥವಾ ದೂರವಾಣಿ ಸಂಖ್ಯೆ ಅಚ್ಚಾಗಿರುವ ಹಾಳೆಗಳನ್ನೂ, ದೇವರ ಚಿತ್ರ ಅಥವಾ ಮಂಗಳಾಕ್ಷರಗಳಿರುವ ತುಂಡುಗಳನ್ನೂ ಮೊದಲೇ ಬೇರ್ಪಡಿಸಿ ಮುದ್ರಣಾಲಯಕ್ಕೆ ಮರಳಿಸುತ್ತೇವೆ. ಒಬ್ಬರ ಮನೆಯ ಪೂಜ್ಯ ಚಿತ್ರವನ್ನು ಕತ್ತರಿಯಿಂದ ತುಂಡರಿಸಿ ಇನ್ನೊಬ್ಬರ ಹಬ್ಬಕ್ಕೆ ಅಂಟಿಸುವುದು ತಕ್ಕದ್ದಲ್ಲ. ಕಾರ್ಡಿನ ತಳಕ್ಕೆ ಮಾತ್ರ ತುಂಡುಗಳು ಸಾಲುವುದಿಲ್ಲವಾದ್ದರಿಂದ, ಅದಕ್ಕೆ ಹತ್ತಿಬಟ್ಟೆಯ ಕತ್ತರಿಕೆಯಿಂದ ತಯಾರಾದ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಕೈಕಾಗದವನ್ನು ಕೊಳ್ಳುತ್ತೇವೆ.

ಇನ್ನು ಕೆಲಸದ ವಿಚಾರ. ದಪ್ಪ ಕಾಗದವನ್ನು ನಾರು ಓಡುವ ದಿಕ್ಕಿಗೆ ಅಡ್ಡವಾಗಿ ಮಡಚಿದರೆ ಮಡಿಕೆಯಲ್ಲಿ ಬಿರುಕು ಬೀಳುತ್ತದೆ. ಹಾಗಾಗಿ ಪ್ರತಿಯೊಂದು ಪಟ್ಟಿಯನ್ನೂ ಎರಡೂ ಕಡೆಗೆ ಮೆಲ್ಲನೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆಗೇ ಮಡಚಬೇಕಾಗುತ್ತದೆ. ಕಿರಿದಾಗುತ್ತ ಹೋಗುವ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಮರ, ಮುತ್ತಿನ ಹೊಳಪಿನ ಕಾಗದವನ್ನು ಮಡಚಿ ಕತ್ತರಿಸಿದರೆ ನಕ್ಷತ್ರ, ಕಂದುಬಣ್ಣದ ಚೂರುಗಳಿಂದ ಗೋದ್ಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಮಾಡು ಸಿದ್ಧವಾಗುತ್ತದೆ. ಗೋದ್ಲಿಯ ಕಾರ್ಡು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುತ್ತದೆ, ಏಕೆಂದರೆ ಬೆರಳುಗುರಿಗಿಂತ ಚಿಕ್ಕದಾದ ಹುಲ್ಲಿನೆಸಳುಗಳನ್ನು ಒಂದೊಂದಾಗಿ ಕೂರಿಸಬೇಕು. ಆದರೂ ನಮ್ಮ ಹಿರಿಯ ಸದಸ್ಯೆಯರು ಬಯಸಿ ಕೈಗೆತ್ತಿಕೊಳ್ಳುವುದು ಅದನ್ನೇ. ಪುಸ್ತಕ ಕಟ್ಟುವವರು ಬಳಸುವ, ವಿಷವಾದ ಮೈಲುತುತ್ತು ಬೆರೆತ ಮೈದಾ ಅಂಟನ್ನು, ಕಾರ್ಡುಗಳು ಮಕ್ಕಳ ಕೈಗೂ ಹೋಗುವ ಕಾರಣ, ನಾವು ಉಪಯೋಗಿಸುವುದಿಲ್ಲ. ಪ್ಲಾಸ್ಟಿಕ್ಕಿನ ಮಿನುಗು ಪುಡಿಯನ್ನೂ ಸಂಪೂರ್ಣವಾಗಿ ಕೈಬಿಟ್ಟಿದ್ದೇವೆ.

ಅಂಚೆಯಲ್ಲಿ ಹೋಗುವ ವಸ್ತುವಾದ್ದರಿಂದ ಮಣಿ, ಗುಂಡಿಗಳಂಥ ಉಬ್ಬುವ ಅಲಂಕಾರ ಇರುವುದಿಲ್ಲ, ತುಂಡುಗಳ ಪದರವೂ ಮೂರನ್ನು ಮೀರುವುದಿಲ್ಲ. ಮಡಚಿದಾಗ 105 × 148 ಮಿಲಿಮೀಟರ್ ಇರುವ ತಳಕ್ಕೆ ಸುಮಾರು ಎಂಟು ಗ್ರಾಂ, ಲಕೋಟೆಗೆ ನಾಲ್ಕು ಗ್ರಾಂ ತೂಗುತ್ತದೆ. ಅಲಂಕಾರ ಸೇರಿದ ಮೇಲೂ ಸಾಧಾರಣ ಪತ್ರದ ಮೊದಲ ಹಂತವಾದ 20 ಗ್ರಾಂ ಒಳಗೇ ನಿಲ್ಲುವಂತೆ ನೋಡಿಕೊಂಡಿದ್ದೇವೆ.

ಕಾಗದ ಅಗ್ಗವಾದ ಮೇಲೆ ದರ ಏಕೆ ಇಳಿದಿಲ್ಲವೆಂದು ತಾವು ಕೇಳುವುದು ನ್ಯಾಯವೇ ಆಗಿದೆ. ಹಿಂದಿನ ಕಾರ್ಡಿನಲ್ಲಿ ಹಣದ ದೊಡ್ಡ ಪಾಲು ರಟ್ಟಿಗೂ ಅಚ್ಚಿಗೂ ಹೋಗುತ್ತಿತ್ತು. ಈಗ ಆ ಪಾಲು ತುಂಡುಗಳನ್ನು ಬಣ್ಣ ನೋಡಿ ಆರಿಸುವ, ಕತ್ತರಿಸುವ, ಅಂಟಿಸಿ ತೂಕದಡಿ ಒಣಗಿಸುವ ಸದಸ್ಯೆಯರ ಕೂಲಿಗೆ ಸಲ್ಲುತ್ತದೆ. ದರವನ್ನು ಏರಿಸದೆ, ಇಳಿಸದೆ, ಅದು ಸೇರುವ ಕೈಯನ್ನಷ್ಟೇ ಬದಲಿಸಿದ್ದೇವೆ. ಸಹಕಾರ ಸಂಘವೊಂದು ಮಾಡಬೇಕಾದುದು ಇದೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಂದೇ ಬಗೆಯ ಇನ್ನೂರು ಕಾರ್ಡು ಬೇಕೆನ್ನುವ ಚರ್ಚುಗಳಿಗೂ ಕಚೇರಿಗಳಿಗೂ ಇದರಿಂದ ತೊಡಕಾಗುವುದು ನಮಗೆ ತಿಳಿದಿದೆ. ವಿಷಯವೂ ಅಳತೆಯೂ ಒಂದೇ ಇರುತ್ತವೆ. ಬಣ್ಣವೂ ಜೋಡಣೆಯೂ ಮಾತ್ರ ಕಾರ್ಡಿನಿಂದ ಕಾರ್ಡಿಗೆ ಬೇರೆಯಾಗುತ್ತವೆ. ವಾಣಿಜ್ಯದ ಮೊದಲ ಕ್ರಿಸ್‌ಮಸ್ ಕಾರ್ಡೆಂದು ಹೆಸರಾದುದು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಮಾಡಿಸಿದ ಕಲ್ಲಚ್ಚಿನ ಕಾರ್ಡು. ಅದಕ್ಕೂ ಒಂದೊಂದಾಗಿ ಕೈಯಿಂದಲೇ ಬಣ್ಣ ತುಂಬಲಾಗಿತ್ತು. ಅದೇ 1843ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತೆಂಬುದನ್ನು ನೆನೆಯುವಾಗ, ಅಚ್ಚಿನ ಊರೊಂದರಲ್ಲಿ ಈ ಕೆಲಸ ಮಾಡುತ್ತಿರುವ ಬಗ್ಗೆ ನಮಗೆ ಸಂತೋಷವಾಗುತ್ತದೆ.

ಬೇಡಿಕೆ ಕಳುಹಿಸುವಾಗ ನಕ್ಷತ್ರ, ಗೋದ್ಲಿ, ಮರ ಅಥವಾ ಮೇಣದಬತ್ತಿ ಎಂಬ ನಾಲ್ಕು ವಿಷಯಗಳಲ್ಲಿ ತಮಗೆ ಬೇಕಾದುದನ್ನೂ, ಒಳಗಿನ ಶುಭಾಶಯವು ಕನ್ನಡ, ಕೊಂಕಣಿ, ತುಳು, ಇಂಗ್ಲಿಷ್‌ಗಳಲ್ಲಿ ಯಾವ ಭಾಷೆಯಲ್ಲಿರಬೇಕೆಂಬುದನ್ನೂ ಬರೆದು ತಿಳಿಸಬೇಕು. ಬಣ್ಣದ ಆಯ್ಕೆಯನ್ನು ಸ್ವೀಕರಿಸಲಾಗುವುದಿಲ್ಲ, ಏಕೆಂದರೆ ಆ ವಾರ ಯಾವ ಬಣ್ಣದ ತುಂಡು ಸಿಗುತ್ತದೆಂಬುದು ಮುದ್ರಣಾಲಯದ ಕೆಲಸವನ್ನು ಅವಲಂಬಿಸಿದೆ. ಗಲ್ಫ್ ದೇಶಗಳಲ್ಲಿರುವ ಮಕ್ಕಳಿಗೆ, ಬಂಧುಗಳಿಗೆ ಕಳುಹಿಸುವವರು ಅಕ್ಟೋಬರ್ ಮುಗಿಯುವುದರೊಳಗೂ, ಉಳಿದವರು ನವೆಂಬರ್ 15ರೊಳಗೂ ಬೇಡಿಕೆ ಸಲ್ಲಿಸಬೇಕಾಗಿ ವಿನಂತಿ. ಐವತ್ತಕ್ಕಿಂತ ಹೆಚ್ಚು ಕಾರ್ಡು ಬೇಕಾದವರಿಗೆ ಮೊದಲು ಮೂರು ಮಾದರಿಗಳನ್ನು ಉಚಿತವಾಗಿ ಕಳುಹಿಸಿಕೊಡುತ್ತೇವೆ. ಅವುಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ತಾವು ತೀರ್ಮಾನಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯೆಯರ ಪರವಾಗಿ)