ಕಟ್ಟದ ಬಡ್ಡಿಯನ್ನು ಕಟ್ಟಿದೆ ಎಂದು ಬರೆದುಕೊಟ್ಟ ಪ್ರಮಾಣಪತ್ರದ ಬಗ್ಗೆ ದೂರು

ಗಂಗಾವತಿ
12-1-2026

ಶಾಖಾ ವ್ಯವಸ್ಥಾಪಕರಿಗೆ,

ವಿಷಯ: 2023-24ನೇ ಸಾಲಿನ ಬಡ್ಡಿ ಪ್ರಮಾಣಪತ್ರದ ತಪ್ಪು

ಮಾನ್ಯರೇ,

ನಮ್ಮ ಪಾಲುದಾರಿಕೆಯ ಅಕ್ಕಿ ಗಿರಣಿ ಹದಿನೈದು ವರ್ಷಗಳಿಂದ ನಿಮ್ಮ ಶಾಖೆಯಲ್ಲೇ ವ್ಯವಹಾರ ನಡೆಸುತ್ತಿದೆ. 2023ರ ಬರದಲ್ಲಿ ತುಂಗಭದ್ರಾ ಜಲಾಶಯ ತುಂಬಲಿಲ್ಲ, ಭತ್ತ ಬರಲಿಲ್ಲ, ಬಡ್ಡಿ ಬಾಕಿ ಬಿತ್ತು. 2024ರ ಮಾರ್ಚ್‌ನಲ್ಲಿ ನೀವು ಬಾಕಿ ಬಡ್ಡಿ 4,20,000 ರೂಪಾಯಿಯನ್ನು ಹೊಸ ಅವಧಿ ಸಾಲವನ್ನಾಗಿ ಮಾಡಿದಿರಿ. ಆ ಕಾಗದಕ್ಕೆ ಸಹಿ ಹಾಕಿದವನು ನಾನೇ. ಕಷ್ಟಕ್ಕೆ ಆದಿರಿ ಎಂಬ ಕೃತಜ್ಞತೆ ಇಂದಿಗೂ ಇದೆ.

ಆದರೆ ಅನಂತರ ನೀವು ಕೊಟ್ಟ ಪ್ರಮಾಣಪತ್ರ ನಮ್ಮನ್ನು ಮುಳುಗಿಸಿತು. ಅದರಲ್ಲಿರುವುದು ಒಂದೇ ಸಾಲು: ‘ಪಾವತಿಯಾದ ಬಡ್ಡಿ ರೂ. 11,40,000’. ಕೆಳಗೆ ನೇರಳೆ ಮೊಹರು, ಸಹಿ. ನಾವು ಕೈಯಿಂದ ಕಟ್ಟಿದ್ದು 7,20,000 ಮಾತ್ರ. ಹೊಸ ಸಾಲದ ಹಣ ಹಳೆಯ ಖಾತೆಗೆ ಜಮೆಯಾಗಿದ್ದರಿಂದ ಖಾತೆ ವಿವರವೂ ಅದೇ ಮಾತು ಹೇಳುತ್ತಿತ್ತು. ಲೆಕ್ಕಪರಿಶೋಧಕರು ಅದನ್ನೇ ನಂಬಿ ಪೂರ್ತಿ ಮೊತ್ತವನ್ನು ಖರ್ಚಿಗೆ ಹಾಕಿದರು.

ಆದಾಯ ತೆರಿಗೆ ಕಾಯ್ದೆ 1961ರ 43ಬಿ ಕಲಮಿನ ಪ್ರಕಾರ ಬ್ಯಾಂಕ್ ಸಾಲದ ಬಡ್ಡಿಯನ್ನು ನಿಜವಾಗಿ ಕಟ್ಟಿದರೆ ಮಾತ್ರ ಲಾಭದಿಂದ ಕಳೆಯಬಹುದು. ಬಡ್ಡಿಯನ್ನು ಸಾಲವಾಗಿ ಪರಿವರ್ತಿಸಿದರೆ ಅದು ಪಾವತಿಯಲ್ಲ ಎಂದು ಆ ಕಲಮಿನ ವಿವರಣೆ ಸ್ಪಷ್ಟವಾಗಿಯೇ ಹೇಳುತ್ತದೆ. ತನಿಖೆಯಲ್ಲಿ 4,20,000 ರೂಪಾಯಿ ನಮ್ಮ ಆದಾಯಕ್ಕೆ ಸೇರಿತು. ಸಂಸ್ಥೆಗೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು 1,31,040 ರೂಪಾಯಿ, ಅದಕ್ಕೆ ಬಡ್ಡಿ ಬೇರೆ. ಬಡ್ಡಿ ಕಟ್ಟಲಾಗದೆ ಸಾಲ ಮಾಡಿದವನು ಆ ಬಡ್ಡಿಗೇ ತೆರಿಗೆ ಕಟ್ಟಬೇಕಾಗಿ ಬಂದಿದೆ.

ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಆ ಬಡ್ಡಿ ಕಟ್ಟಿದ್ದರೂ ಅದೇ ವರ್ಷದ ಲೆಕ್ಕಕ್ಕೆ ಸಿಗುತ್ತಿತ್ತು. ಆಗ ನಮ್ಮ ಗೋದಾಮಿನಲ್ಲಿ ತೌಡು, ನುಚ್ಚಿನ ಚೀಲಗಳು ಸೂರು ಮುಟ್ಟುವಂತೆ ಇದ್ದವು. ವಿಷಯ ಗೊತ್ತಿದ್ದರೆ ಬಂದ ಬೆಲೆಗೆ ಮಾರಿ ಅರ್ಧವನ್ನಾದರೂ ಕಟ್ಟುತ್ತಿದ್ದೆ. ಪ್ರಮಾಣಪತ್ರದಲ್ಲಿ ‘ಸಾಲವಾಗಿ ಪರಿವರ್ತಿಸಿದ ಬಡ್ಡಿ ರೂ. 4,20,000’ ಎಂಬ ಇನ್ನೊಂದು ಸಾಲು ಇದ್ದಿದ್ದರೆ ಸಾಕಿತ್ತು.

ಆ ತಪ್ಪು ಈಗಲೂ ಬೆಳೆಯುತ್ತಿದೆ. ಹೊಸ ಸಾಲಕ್ಕೆ 24 ಕಂತು, 2025ರ ಏಪ್ರಿಲ್‌ನಿಂದ ಆರಂಭ. ಡಿಸೆಂಬರ್‌ವರೆಗೆ ಒಂಬತ್ತು ಕಂತುಗಳಲ್ಲಿ ತಿಂಗಳಿಗೆ 17,500ರಂತೆ 1,57,500 ರೂಪಾಯಿ ಕಟ್ಟಿದ್ದೇವೆ. ಇದು ಹಳೆಯ ಬಡ್ಡಿಯೇ. ಕಟ್ಟಿದ ವರ್ಷದಲ್ಲಿ ಖರ್ಚು ತೋರಿಸುವ ಹಕ್ಕು ನಮಗಿದೆ. ನಿಮ್ಮ ಖಾತೆ ವಿವರದಲ್ಲಿ ಮಾತ್ರ ಅದು ‘ಅಸಲು’. ಅಸಲಿನ ಮರುಪಾವತಿಯನ್ನು ಯಾವ ತೆರಿಗೆ ಅಧಿಕಾರಿ ಖರ್ಚೆಂದು ಒಪ್ಪುತ್ತಾರೆ? ಮೂರು ಸಲ ಶಾಖೆಗೆ ಬಂದೆ. ಮೂರು ಸಲವೂ ‘ಗಣಕದಲ್ಲಿ ಹೀಗೆಯೇ ಬರುತ್ತದೆ’ ಎಂಬ ಉತ್ತರ ಸಿಕ್ಕಿತು.

ಆದ್ದರಿಂದ 2023-24ಕ್ಕೆ ಕಟ್ಟಿದ ಬಡ್ಡಿ ಮತ್ತು ಸಾಲವಾಗಿ ಪರಿವರ್ತಿಸಿದ ಬಡ್ಡಿಯನ್ನು ಬೇರ್ಪಡಿಸಿದ ಹೊಸ ಪ್ರಮಾಣಪತ್ರ ಕೊಡಿ. ಈ ವರ್ಷದ ಪ್ರತಿ ಕಂತಿನಲ್ಲಿ ಹಳೆಯ ಬಡ್ಡಿ ಎಷ್ಟು ಎಂಬುದನ್ನೂ ಬರೆದುಕೊಡಿ. ಮಾರ್ಚ್ ಲೆಕ್ಕಕ್ಕೆ ಅದು ಬೇಕೇ ಬೇಕು. ತಪ್ಪು ಪ್ರಮಾಣಪತ್ರದಿಂದ ನಮ್ಮ ಮೇಲೆ ಬಿದ್ದ, ತೆರಿಗೆಯ ಮೇಲಿನ ಬಡ್ಡಿಯನ್ನು ನೀವೇ ಭರಿಸಬೇಕು. 30 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ.

ಪ್ರಮಾಣಪತ್ರ, ಖಾತೆ ವಿವರ ಮತ್ತು ತೆರಿಗೆ ಆದೇಶದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ವ್ಯವಸ್ಥಾಪಕ ಪಾಲುದಾರ