ಸೈಕಲ್ ಬಗ್ಗೆ ಮಾದರಿ ಉತ್ತರ ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರೇ,

ಐಇಎಲ್‌ಟಿಎಸ್ ಇಂಗ್ಲಿಷ್ ಮಾತಿನ ಪರೀಕ್ಷೆಗೆಂದು ನಿಮ್ಮ ಶಿಕ್ಷಣ ಪುಟದಲ್ಲಿ ಕಳೆದ ವಾರ ಸೈಕಲ್ ಬಗ್ಗೆ ಒಂದು ಮಾದರಿ ಉತ್ತರ ಬಂದಿತ್ತು. ತಿಪಟೂರಿನಲ್ಲಿ ಸೈಕಲ್ ಶಾಪ್ ಇಟ್ಟು ನನಗೆ 29 ವರ್ಷವಾಯಿತು. ಇಂಗ್ಲಿಷ್ ಬರುವುದಿಲ್ಲ, ಸೈಕಲ್ ಬರುತ್ತದೆ. ಅರ್ಧ ವಿಷಯವಾದರೂ ಗೊತ್ತಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಲು ಈ ಪರೀಕ್ಷೆ ಬರೆಯುವವರಿಗೆ ಮಾತಿನಲ್ಲಿ 9ಕ್ಕೆ 7 ಬ್ಯಾಂಡ್, ಅಂದರೆ ಅಂಕ, ಬರಬೇಕಂತೆ. ಕೋಚಿಂಗ್ ಕೊಡುವವರು ಒಂದು ಕಟ್ಟು ಜೆರಾಕ್ಸ್ ಕೊಟ್ಟಿದ್ದಾರೆ. ಅದರಲ್ಲೂ ಹೆಚ್ಚುಕಡಿಮೆ ನೀವು ಹಾಕಿದ ಉತ್ತರವೇ ಇದೆ. ಒಂದು ಸಂಜೆ ಅಂಗಡಿಯ ಸ್ಟೂಲಿನ ಮೇಲೆ ಕೂತು "ಬೈಸಿಕಲ್ ಈಸ್ ಆನ್ ಎಕೋ-ಫ್ರೆಂಡ್ಲಿ ಮೋಡ್ ಆಫ್ ಟ್ರಾನ್ಸ್‌ಪೋರ್ಟ್" ಅಂತ ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. ಗಾಳಿ ಹೊಡೆಸಲು ಬಂದಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅದನ್ನು ಕೇಳಿಸಿಕೊಂಡು, "ಅದಿರಲಿ, ನಿನ್ನ ಸೈಕಲ್ ಬಗ್ಗೆ ಹೇಳಮ್ಮ" ಅಂದರು. ಹುಡುಗಿ ಬಾಯಿ ಬಿಡಲಿಲ್ಲ. ಸುತ್ತ ಹನ್ನೊಂದು ಸೈಕಲ್ ನಿಂತಿದ್ದವು!

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ವಿಷಯ ಬರೆದ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಆಮೇಲೆ 2 ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ತಡವರಿಸದೆ ಮಾತು ಮುಂದುವರಿಯುತ್ತದೆಯೇ, ಪದಗಳು, ವ್ಯಾಕರಣ, ಉಚ್ಚಾರಣೆ — ನಾಲ್ಕಕ್ಕೂ ಸಮಪಾಲು. ಸೈಕಲ್ ಪರಿಸರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಅಂಕವೇ ಇಲ್ಲ. ಉರು ಹೊಡೆದದ್ದು ಎದುರು ಕೂತವರಿಗೆ ಗೊತ್ತಾಗದೇ ಇರುತ್ತದೆಯೇ? ಚೈನು ಸಡಿಲಾದ ಸದ್ದು ನನಗೆ ರಸ್ತೆಯ ಆಚೆಯಿಂದಲೇ ಕೇಳಿಸುತ್ತದೆ, ಹಾಗೆಯೇ ಅವರಿಗೂ.

ಮೇಷ್ಟ್ರು ಹೇಳಿದರು: ಮೊದಲು ಕನ್ನಡದಲ್ಲೇ ಹೇಳು. ಆಗ ಬಂತು ನೋಡಿ. ನನ್ನ ಹಳೇ ಅಟ್ಲಾಸ್‌ನಲ್ಲಿ ಒಳಪೆಡಲು ಹೊಡೆದು ಕಲಿತದ್ದು, ಬ್ರೇಕು ಕೈಗೆ ಎಟುಕದೆ ತೆಂಗಿನಮಟ್ಟೆ ರಾಶಿಗೆ ಹೋಗಿ ನುಗ್ಗಿದ್ದು, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಸೈಕಲ್ ಕೊಟ್ಟ ದಿನ ನಾನು ಅದಕ್ಕೊಂದು ದೊಡ್ಡ ಬೆಲ್ಲು ಹಾಕಿಕೊಟ್ಟದ್ದು. ಮಳೆಯಲ್ಲಿ ಚೈನು ಬಿಚ್ಚಿಕೊಂಡು, ತಾನೇ ಹಾಕಲು ಹೋಗಿ, ಬಿಳೀ ಯೂನಿಫಾರ್ಮಿಗೆಲ್ಲ ಗ್ರೀಸ್ ಬಳಿದುಕೊಂಡು ಬಂದದ್ದು. (ಬೈಸಿಕೊಂಡದ್ದು ಮಾತ್ರ ನಾನು.) ಎರಡು ನಿಮಿಷ ಸಾಲಲೇ ಇಲ್ಲ.

ಅದನ್ನೇ ಇಂಗ್ಲಿಷಿಗೆ ತಂದಾಗ ತಪ್ಪುಗಳು ಹೊರಬಿದ್ದವು. ಡ್ರೈವ್ ಅಲ್ಲ, ರೈಡ್. ಚೈನು "ಫೆಲ್" ಅಲ್ಲ, "ಕೇಮ್ ಆಫ್." ಹಳೇ ಕಥೆ ಹೇಳುವಾಗ ನಡುವೆ ವರ್ತಮಾನಕ್ಕೆ ಜಾರಬಾರದು. ಒಳಪೆಡಲಿಗೆ ಇಂಗ್ಲಿಷ್ ಪದ ಯಾವುದೆಂದು ತಲೆ ಕೆರೆದುಕೊಂಡು ನಿಂತಳು. ಪದ ಗೊತ್ತಿಲ್ಲದಿದ್ದರೆ ವಿವರಿಸು, ಹಾಗೆ ಬಿಡಿಸಿ ಹೇಳುವುದಕ್ಕೂ ಅಂಕ ಉಂಟು ಎಂದರು ಮೇಷ್ಟ್ರು. "ಐ ವಾಸ್ ಟೂ ಶಾರ್ಟ್ ಫಾರ್ ದ ಸೀಟ್, ಸೋ ಐ ಪುಟ್ ಮೈ ಲೆಗ್ ಅಂಡರ್ ದ ಬಾರ್" ಅಂದಳು. ನನಗೂ ಅರ್ಥವಾಯಿತು! ದೊರೆಗಳ ಹಾಗೆ ನಾಲಿಗೆ ಹೊರಳಿಸುವುದನ್ನೂ ಅವರು ಬಿಡಿಸಿದರು. ಕೇಳುವವರಿಗೆ ಸ್ಪಷ್ಟವಾಗಿ ತಿಳಿದರೆ ಆಯಿತಂತೆ.

ಕೊನೆಯ ಭಾಗದಲ್ಲಿ ಊರು, ಸಮಾಜ ಅಂತ ದೊಡ್ಡ ಪ್ರಶ್ನೆ ಕೇಳುತ್ತಾರೆ. ನಗರದಲ್ಲಿ ಸೈಕಲ್ ತುಳಿಯುವವರು ಯಾಕೆ ಕಡಿಮೆ, ಸರ್ಕಾರ ಏನು ಮಾಡಬಹುದು, ಈ ಥರ. ಅಲ್ಲಿಗೂ ಜೆರಾಕ್ಸ್ ಬೇಡ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲನ್ನು ಓದುವಾಗ ಅವಳೇ ತುಳಿದಿದ್ದಾಳೆ. ಅದನ್ನು ಹೇಳಿ, ಬೇರೆ ಊರಿನ ರಸ್ತೆಗೆ ಹೋಲಿಸಿದರೆ ಮುಗಿಯಿತು.

ದಯವಿಟ್ಟು ಆ ಪುಟದಲ್ಲಿ ಇನ್ನು ಮುಂದೆ ಪ್ರಶ್ನೆಯನ್ನಷ್ಟೇ ಹಾಕಿ. ಉತ್ತರದ ಜಾಗದಲ್ಲಿ ನಮ್ಮ ಮಕ್ಕಳು ಸಾಮಾನ್ಯವಾಗಿ ಮಾಡುವ ಐದಾರು ತಪ್ಪು ಹಾಕಿ, ಹೇಗೆ ತಿದ್ದಿಕೊಳ್ಳಬೇಕು ಅಂತ ಬರೆಯಿರಿ. ನೀವು ಹಾಕಿದ ಉತ್ತರವನ್ನೇ ಸಾವಿರ ಹುಡುಗರು ಒಪ್ಪಿಸಿದರೆ ಪರೀಕ್ಷೆ ಮಾಡುವವರ ಗತಿಯೇನು?

ಮೇಷ್ಟ್ರು ನಿನ್ನೆ ಹೊಸ ಕಾರ್ಡ್ ಕೊಟ್ಟು ಹೋಗಿದ್ದಾರೆ: ನೀವು ರಿಪೇರಿ ಮಾಡಿದ ಒಂದು ವಸ್ತು. "ಅಪ್ಪಾ, ಇದಕ್ಕೂ ಚೈನಿನ ಕಥೇನೇ ಹೇಳ್ಲಾ?" ಅಂತ ಕೇಳುತ್ತಿದ್ದಾಳೆ.

ಇಂತಿ,
ಒಬ್ಬ ಸೈಕಲ್ ಶಾಪಿನವನು, ತಿಪಟೂರು